ಅವ್ವನ ಮಡಚದ ಎಡಗಾಲು

ಅವ್ವಾ,

ಎಲ್ಲಿದ್ದೀಯೋ ಗೊತ್ತಿಲ್ಲ, ಆದರೆ ಹೇಗೆ ಕೂತಿದ್ದೀಯ ಅನ್ನುವುದು ನನಗೆ ಗೊತ್ತು. ಗೊತ್ತಿಲ್ಲದಿರುವುದು ನಿನಗೇ. ಅದನ್ನು ಹೇಳಲಿಕ್ಕೆಂದೇ ಬರೆಯುತ್ತಿದ್ದೇನೆ. ಅದಕ್ಕೆ ಮುಂಚೆ ನಿನ್ನ ಜೊತೆ ಒಂದಿಷ್ಟು ಜಗಳ ಬಾಕಿ ಇದೆ, ಅದು ತೀರಲಿ.

ಇವತ್ತು ಬೆಳಿಗ್ಗೆ ಚಳ್ಳಕೆರೆಯ ನಮ್ಮ ಎಣ್ಣೆ ಮಿಲ್ಲಿನಲ್ಲಿ ಹಿಂಡಿ ತುಂಬಿಸುತ್ತಾ ನಿಂತಿದ್ದಾಗ ಫೋನ್ ಬಂತು. ನಿನ್ನ ಮೊಣಕಾಲಿಗೆ ಸೂಜಿ ಹಾಕಿದರಲ್ಲ, ಆ ಕ್ಲಿನಿಕ್ಕಿನ ಹುಡುಗಿ. "ಮೇಡಂ, ಅಮ್ಮನವರ ನೋವು ಈಗ ಹೇಗಿದೆ? ಸ್ಟೆಮ್ ಸೆಲ್ ಥೆರಪಿ ಇನ್ನೊಂದು ಸಲ ತಗೊಂಡ್ರೆ ಇನ್ನೂ ಒಳ್ಳೇದು" ಅಂದಳು. "ಈಗ ನೋವಿಲ್ಲಮ್ಮ" ಅಂದೆ. ಸುಳ್ಳೇನು ಹೇಳಿದೆ? ಅವಳಿಗೆ ಖುಷಿಯೋ ಖುಷಿ. "ಹಾಗಾದ್ರೆ ಅಮ್ಮನವರು ನಡೆಯೋದು ಒಂದು ವಿಡಿಯೋ ಮಾಡಿ ಕಳಿಸ್ತೀರಾ, ಬೇರೆ ಪೇಷೆಂಟ್‌ಗಳಿಗೆ ಧೈರ್ಯ ಬರುತ್ತೆ" ಅಂದಳು. ಫೋನ್ ಇಟ್ಟುಬಿಟ್ಟೆ. ಆಗಿನಿಂದ ಸಿಟ್ಟು ಇಳಿದಿಲ್ಲ. ಅವಳ ಮೇಲೋ, ನಿನ್ನ ಮೇಲೋ, ನನ್ನ ಮೇಲೋ...

ನಾನಿನ್ನೂ ಲಂಗ ಉಡುವ ವಯಸ್ಸಿನಲ್ಲಿ, ರಾಂಪುರದ ಮನೆಯ ಅಂಗಳದಲ್ಲಿ ಕಡಲೆಕಾಯಿ ಆರಿಸುತ್ತಾ ನೀನು ಹೇಳಿದ್ದೆ. ದೇವಸಮುದ್ರದ ನಿನ್ನ ಸೋದರತ್ತೆ ತೀರಿಕೊಂಡಾಗಿನ ಮಾತು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆ ಕುಣಿಯಲ್ಲಿ ಕೂರಿಸುತ್ತಾರೆ. ಆ ಸೋದರತ್ತೆಯ ಕಾಲು ಮಡಚಲಿಲ್ಲವಂತೆ. ಗಂಡಸರು ಸೇರಿ ಅದುಮಿದರಂತೆ. ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ನೀನು ಬಾಗಿಲ ಹಿಂದೆ ನಿಂತು ಆ ಶಬ್ದ ಕೇಳಿದ್ದೆ. "ಒಣಗಿದ ತೊಗರಿಕಡ್ಡಿ ಮುರಿದಂಗಾತು ಕಣೇ ಪಾರಿ" ಅಂದಿದ್ದೆ. ಸತ್ತವರಿಗೆ ನೋವೆಲ್ಲಿಂದ ಬರಬೇಕವ್ವ ಅಂತ ನಾನು ಕೇಳಿದ್ದಕ್ಕೆ, "ಇಲ್ಲ ಅಂತ ಹೇಳೋರು ಸತ್ತು ನೋಡಿ ಬಂದವ್ರಾ?" ಅಂದು ಮೊರ ಕೊಡವಿ ಎದ್ದಿದ್ದೆ.

ಅದಕ್ಕೇ ನಿನ್ನ ಎಡ ಮೊಣಕಾಲು ಬಿಗಿಯುತ್ತಾ ಬಂದಾಗ ನೀನು ನೋವಿಗೆ ಹೆದರಲಿಲ್ಲ, ಆ ಶಬ್ದಕ್ಕೆ ಹೆದರಿದೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ಆ ಹಿರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆ ನಡುವಿನ ಮೆತ್ತೆ ಪೂರಾ ಸವೆದೈತೆ ಕಣಮ್ಮ, ಮೂಳೆಗೆ ಮೂಳೆ ತಾಗ್ತೈತೆ. ಕೀಲು ಬದಲಾಯಿಸೋ ಆಪರೇಷನ್ ಮಾಡಿಸ್ಕಳ್ರಿ, ಆರಾಮಾಗಿ ಓಡಾಡ್ತೀರಿ" ಅಂದರು. ನೀನು ಕೇಳಿದ್ದು ಒಂದೇ ಮಾತು.

"ಚಕ್ಕಳಮಕ್ಕಳ ಹಾಕ್ಕಂಡು ಕೂತ್ಕಬೋದಾ ಸಾರ್?"

"ಅದೊಂದು ಬ್ಯಾಡ. ಪೂಜೆಗೆ ಕುರ್ಚಿ ಮ್ಯಾಲೆ ಕೂತ್ಕಳ್ರಿ."

"ಬದುಕಿರೋ ತನಕ ಕುರ್ಚಿ ಆತು. ಆಮೇಲೆ ಕುರ್ಚಿ ಸಮೇತ ಹೂಳ್ತಾರಾ?"

ಡಾಕ್ಟರು ನಕ್ಕುಬಿಟ್ಟರು. ತಮಾಷೆ ಅಂದುಕೊಂಡರು ಪಾಪ. ನೀನು ಆಗಲೇ ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ಇದ್ದೆ. ಕುಂಟುತ್ತಾ ಇದ್ದರೂ ಅಷ್ಟು ಬೇಗ ಹೇಗೆ ಹೋದೆಯೋ!

ಆಮೇಲೆ ತಮ್ಮ ಮಲ್ಲಿ ಫೋನಿನಲ್ಲಿ ಆ ಜಾಹೀರಾತು ಹಿಡಿದುಕೊಂಡು ಬಂದ. "ಆಪರೇಷನ್ ಇಲ್ಲ, ಕಬ್ಬಿಣ ಇಲ್ಲ ಕಣವ್ವ. ನಿನ್ನ ಸೊಂಟದ ಮೂಳೆ ಒಳಗಿಂದು ತಗದು ಮೊಣಕಾಲಿಗೆ ಹಾಕ್ತಾರಂತೆ. ಮೆತ್ತೆ ಹೊಸದಾಗಿ ಬೆಳೀತೈತಂತೆ, ಮೊದಲಿನಂಗೆ ಮಡಚಬೋದಂತೆ." ನಿನ್ನ ಮುಖ ಅರಳಿದ್ದು ನೋಡಿ ನನಗೆ ದಿಗಿಲಾಯಿತು. ಮರುದಿನವೇ ಆ ಹಿರಿಯ ಡಾಕ್ಟರ ಹತ್ತಿರ ಓಡಿದೆ. ಅವರು ಸಮಾಧಾನವಾಗಿ ಹೇಳಿದರು: ಇದಿನ್ನೂ ಸಂಶೋಧನೆಯಲ್ಲಿರುವ ಚಿಕಿತ್ಸೆ, ಕೆಲವರಿಗೆ ಸ್ವಲ್ಪ ಕಾಲ ನೋವು ಇಳಿಯಬಹುದು, ಆದರೆ ಇಷ್ಟು ಸವೆದ ಕೀಲಿನಲ್ಲಿ ಮೆತ್ತೆ ಮತ್ತೆ ಬೆಳೆಯುತ್ತದೆ, ಬಿಗಿದ ಮೊಣಕಾಲು ಮಡಚುತ್ತದೆ ಅನ್ನುವುದಕ್ಕೆ ಯಾರ ಹತ್ತಿರವೂ ಖಾತ್ರಿ ಇಲ್ಲ. ಬಂದು ನಿನಗೆ ಒಪ್ಪಿಸಿದೆ. ನೀನು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡೆ.

"ಆಗಲ್ಲ ಅಂದ್ರಾ, ಗೊತ್ತಿಲ್ಲ ಅಂದ್ರಾ?"

"ಗೊತ್ತಿಲ್ಲ ಅಂದ್ರು ಕಣವ್ವ."

"ಹಂಗಾದ್ರೆ ಆಗಬೋದು."

ಈ ಒಂದು ವಾದ ಹಿಡಿದುಕೊಂಡೇ ನನ್ನನ್ನು ಕ್ಲಿನಿಕ್ಕಿಗೆ ಹೊರಡಿಸಿದೆ.

ಕ್ಲಿನಿಕ್ಕಿನಲ್ಲಿ ನಿನ್ನನ್ನು ಬೋರಲು ಮಲಗಿಸಿ, ಸೊಂಟದ ಹಿಂದಿನ ಮೂಳೆಯಿಂದ ಮಜ್ಜೆ ಎಳೆದರು. ಆ ಕೆಂಪು ನೀರನ್ನು ಒಂದು ಯಂತ್ರಕ್ಕೆ ಹಾಕಿ ಗಿರಗಿರ ತಿರುಗಿಸಿದರು. ನೀನು ನನ್ನ ಕೈ ಹಿಡಿದುಕೊಂಡು, "ಈ ಗೋಡೌನ್ ಮಾಲು ಆ ಗೋಡೌನಿಗೆ ಹಾಕ್ತಾವ್ರೆ ಕಣೇ, ಲೆಕ್ಕಕ್ಕೆ ಹೊಸ ಮಾಲೇನಿಲ್ಲ" ಅಂದೆ. ನಗು ಬಂತು. ಆದರೆ ನಿನ್ನ ಉಗುರು ನನ್ನ ಅಂಗೈಯಲ್ಲಿ ನಾಟಿತ್ತು. ಅಷ್ಟು ಜನ ಇದ್ದರಲ್ಲ ಅಲ್ಲಿ, ಬಿಳಿ ಕೋಟು ಹಾಕಿಕೊಂಡು, ಒಬ್ಬರಾದರೂ ಕೇಳಿದರಾ? ಅಜ್ಜಿ, ಈ ಕಾಲು ನಿಮಗೆ ಯಾತಕ್ಕೆ ಮಡಚಬೇಕು ಅಂತ?

ಕ್ಲಿನಿಕ್ಕಿನಿಂದ ಬಂದ ಹೊಸದರಲ್ಲಿ ನೋವು ಇಳಿದಿತ್ತು, ಅದನ್ನು ಇಲ್ಲವೆನ್ನಲಾರೆ. ಹಿತ್ತಿಲ ತನಕ ಕೋಲಿಲ್ಲದೆ ಹೋಗಿ ಬಂದು, ತಮ್ಮನಿಗೆ ಹೋಳಿಗೆ ಮಾಡಿ ಹಾಕಿದೆ. ಆದರೆ ಮೊಣಕಾಲು ಮಡಚಲಿಲ್ಲ. ಮತ್ತೆ ಊತ ಬಂತು, ನೋವೂ ಬಂತು. ಒಂದು ಮಧ್ಯಾಹ್ನ ಮಂಚದ ಮೇಲೆ ಕೂತು ನನ್ನನ್ನು ಕರೆದೆ. "ನೀನೇ ಒಂಚೂರು ಅದುಮೇ ಪಾರಿ. ಬದುಕಿದ್ದಾಗ ಮಗಳ ಕೈಲಿ ಮಡಚಿದ್ರೆ, ಸತ್ತಮ್ಯಾಲೆ ಗಂಡಸರು ಮುಟ್ಟಲ್ಲ." ನಾನು ಅದುಮಿದೆ. ನೀನು ತುಟಿ ಕಚ್ಚಿಕೊಂಡು, "ಇನ್ನೊಂಚೂರು, ಇನ್ನೊಂಚೂರು" ಅನ್ನುತ್ತಿದ್ದೆ. ನನ್ನ ಕೈಲಾಗಲಿಲ್ಲ ಅವ್ವ. ಎದ್ದು ಹೋಗಿ ಹಿತ್ತಿಲಲ್ಲಿ ಅತ್ತೆ. ನೀನು ಒಳಗಿಂದ, "ಎಂಥ ಎದೆಗೇಡಿ ಹುಟ್ಟಿದ್ಯೇ" ಅಂತ ಬೈದೆ.

ಮಲ್ಲಿಯ ಫೋನ್ ಬಂದ ದಿನ ನಾನು ಅಕ್ಕಿ ಆರಿಸುತ್ತಿದ್ದೆ. "ಅಕ್ಕಾ, ಅವ್ವ ಪೂಜೆಗೆ ಕೂತಿದ್ಲು, ಹಂಗೇ ಗೋಡೆಗೆ ಒರಗಿಬಿಟ್ಲು" ಅಂದ. ನನ್ನ ಬಾಯಿಂದ ಅಯ್ಯೋ ಅನ್ನುವುದಕ್ಕಿಂತ ಮೊದಲು ಬಂದ ಮಾತೇನು ಗೊತ್ತಾ? "ಲೇ ಮಲ್ಲಿ, ನಾನು ಬರೋ ತನಕ ಅವ್ವನ ಕಾಲು ಯಾರೂ ಮುಟ್ಟಬಾರ್ದು ನೋಡು." ರಾಂಪುರಕ್ಕೆ ಹೊರಟ ಕಾರಿನಲ್ಲಿ ಮೊಳಕಾಲ್ಮೂರು ದಾಟುವವರೆಗೂ ನನಗೆ ಅಳು ಬರಲಿಲ್ಲ. ಅಷ್ಟರೊಳಗೆ ಕೂರಿಸಿಬಿಟ್ಟಿದ್ದರೆ? ಆ ಶಬ್ದ ಆಗಿಹೋಗಿದ್ದರೆ? ನಿನ್ನ ಸಾವಿಗೆ ಅಳುವುದಕ್ಕೂ ಆ ಮೊಣಕಾಲು ಬಿಡುವು ಕೊಡಲಿಲ್ಲವಲ್ಲೇ ತಾಯಿ.

ಒಳಗೆ ಬಂದಾಗ ನಿನ್ನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಬಲಗಾಲು ಮಡಚಿತ್ತು. ಎಡಗಾಲು ನೆಟ್ಟಗೆ ಮುಂದಕ್ಕೆ ಚಾಚಿತ್ತು, ಬಂದವರಿಗೆಲ್ಲ ಅಡ್ಡ ಇಟ್ಟ ಹಾಗೆ. ದೊಡ್ಡಪ್ಪನ ಮಗ ಅಂಗಿಯ ತೋಳು ಮಡಿಸುತ್ತಾ, "ಹೊತ್ತಾದಷ್ಟೂ ಬಿಗೀತೈತೆ, ಒಂದೇ ಸಲ ಅದುಮಿದ್ರೆ ಕೂರ್ತೈತೆ ಬಿಡ್ರಿ" ಅಂದ. ನಾನು ಹೋಗಿ ನಿನ್ನ ಮೊಣಕಾಲನ್ನು ಎರಡು ಕೈಯಲ್ಲಿ ತಬ್ಬಿ ಕೂತುಬಿಟ್ಟೆ. "ಮೊದ್ಲು ನನ್ನ ಕೈ ಮುರೀರಿ" ಅಂದೆ. ಹುಚ್ಚು ಹಿಡಿದಿದೆ ಅಂದರು. ಅಂದುಕೊಳ್ಳಲಿ.

ಆಗ ಅಯ್ಯನೋರು ಬಂದರು. ನಿನಗೆ ಗೊತ್ತಲ್ಲ, ಸೋಮವಾರ ಸೋಮವಾರ ನಮ್ಮ ಮನೆಗೆ ಭಿಕ್ಷಕ್ಕೆ ಬರುವ, ಹುಟ್ಟು ಸಾವು ಎಲ್ಲಕ್ಕೂ ಮುಂದೆ ನಿಲ್ಲುವ ಅದೇ ಮುದಿ ಅಯ್ಯನೋರು. ಅಳುತ್ತಾ ಎಲ್ಲ ಹೇಳಿದೆ. ನಿನ್ನ ಸೋದರತ್ತೆಯ ಕತೆ, ಕುರ್ಚಿಯ ಮಾತು, ಸೂಜಿ, ಯಂತ್ರ. ಅವರು ಕಣ್ಣು ಕಿರಿದು ಮಾಡಿ ನಿನ್ನ ಕಾಲು ನೋಡಿದರು.

"ಯಾಕ್ರಪ್ಪಾ ಅದುಮ್ತೀರಿ? ಆ ತಾಯಿ ಮನೇಲಿ ಹೆಂಗೆ ಕೂರ್ತಿದ್ಲೋ ಹಂಗೇ ಕೂರಿಸ್ರಿ. ಅಂಗೈಯಾಗೆ ಲಿಂಗ ನಿಂತ್ರೆ ಆತು. ಕುಣಿ ಆ ಕಡೀಗೆ ಒಂದಿಷ್ಟು ಉದ್ದ ತಗೀರಿ."

"ಇಷ್ಟೇನಾ ಅಯ್ಯನೋರೇ?"

"ಇಷ್ಟೇ ಕಣಮ್ಮ. ವಾರವಾರ ಬರ್ತಿದ್ನಲ್ಲ, ಕೇಳಿದ್ರೆ ಆವಾಗ್ಲೇ ಹೇಳ್ತಿದ್ದೆ."

ಅವ್ವಾ, ಇದೇ ನೋಡು ನನ್ನ ಜಗಳ. ಡಾಕ್ಟರನ್ನು ಕೇಳಿದೆವು, ಫೋನನ್ನು ಕೇಳಿದೆವು, ಕಾಣದ ಊರಿನ ಕ್ಲಿನಿಕ್ಕನ್ನು ಕೇಳಿದೆವು. ಜೋಳಿಗೆ ಹಿಡಿದು ಹೊಸ್ತಿಲಿಗೆ ಬಂದವರನ್ನು ಕೇಳಲಿಲ್ಲ. ಯಾಕೆ? ಭಿಕ್ಷಕ್ಕೆ ಬಂದ ಅಯ್ಯನೋರ ಮುಂದೆ ಸಾವಿನ ಮಾತು ಎತ್ತಬಾರದು, ಮನೆಗೆ ಒಳ್ಳೆಯದಲ್ಲ ಅಂತ ನೀನೇ ನಮಗೆ ಕಲಿಸಿದ್ದೆ. ಹಿಟ್ಟು ಹಾಕಿ, ಕಾಲಿಗೆ ಬಿದ್ದು, ಬಾಯಿ ಮುಚ್ಚಿಕೊಂಡು ಕಳಿಸಿದೆ. ನೀನು ಕಾಲು ಬಗ್ಗಿಸಿ ಅವರಿಗೆ ನಮಸ್ಕಾರ ಮಾಡಲು ಒದ್ದಾಡುವುದನ್ನು ಅವರೂ ನೋಡುತ್ತಿದ್ದರಲ್ಲೇ. ಒಂದು ಮಾತು. ಒಂದೇ ಒಂದು ಮಾತು ಆಡಿದ್ದರೆ, ಆ ಹಿರಿಯ ಡಾಕ್ಟರು ಹೇಳಿದ ಆಪರೇಷನ್ ಮಾಡಿಸಿಕೊಂಡು, ಕುರ್ಚಿಯ ಮೇಲೆ ಜಂಬದಿಂದ ಕೂತು ನನ್ನನ್ನು ಬೈಯುತ್ತಾ ಇರುತ್ತಿದ್ದೆಯೇನೋ... ಏನೋ. ಉರಿಯುತ್ತದೆ ಅವ್ವ, ನೆನೆದರೆ.

ನನ್ನ ಬಲ ಮೊಣಕಾಲೂ ಈಗ ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿದೆ. ನಿನ್ನ ಆಸ್ತಿಯಲ್ಲಿ ನನ್ನ ಪಾಲು. ನಾಳೆ ಕ್ಲಿನಿಕ್ಕಿನ ಹುಡುಗಿಗೆ ಫೋನ್ ಮಾಡಿ, ಅವ್ವ ಇಲ್ಲ, ವಿಡಿಯೋನೂ ಇಲ್ಲ ಅಂತ ಹೇಳುತ್ತೇನೆ. ಹಿರಿಯ ಡಾಕ್ಟರು ಏನು ಹೇಳುತ್ತಾರೋ ಹಾಗೆ ಮಾಡುತ್ತೇನೆ. ಪೂಜೆಗೆ ಕುರ್ಚಿ ಹಾಕಿಸಿದ್ದೇನೆ, ನೀನು ಮುಖ ಸಿಂಡರಿಸಬೇಡ. ಇಲ್ಲಿ ನಮ್ಮ ಮನೆಗೆ ಭಿಕ್ಷಕ್ಕೆ ಬರುವ ಅಯ್ಯನೋರು ಬಂದಾಗ ನನ್ನ ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನನ್ನ ಕುಣಿಯ ಮಾತನ್ನೂ ಬಾಯಿ ಬಿಟ್ಟು ಆಡಿಬಿಟ್ಟೆ.

ಈಗ ನಿನಗೆ ಗೊತ್ತಿಲ್ಲದ್ದು ಕೇಳು. ಮಲ್ಲಿ ಬೇರೆ ಯಾರಿಗೂ ಗುದ್ದಲಿ ಕೊಡಲಿಲ್ಲ. ತಾನೇ ಇಳಿದು, ಆ ಗಟ್ಟಿ ನೆಲವನ್ನು ನಿನ್ನ ಎಡಗಾಲಿನ ಉದ್ದಕ್ಕೆ ಅಗೆದ. ಅಂಗಳದಲ್ಲಿ ಕಡಲೆಕಾಯಿ ಆರಿಸಲು ಕೂರುತ್ತಿದ್ದೆಯಲ್ಲ, ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಹಾಗೇ ಕೂರಿಸಿದರು. ಮೊಣಕಾಲಿನ ಕೆಳಗೆ ಆಸರೆಗೆ ವಿಭೂತಿ ಗಟ್ಟಿಗಳನ್ನು ನಾನೇ ಇಟ್ಟೆ. ಮಣ್ಣು ಹಾಕುವ ತನಕ ಕಿವಿಗೊಟ್ಟು ನಿಂತಿದ್ದೆ ಅವ್ವ. ಯಾವ ಶಬ್ದವೂ ಬರಲಿಲ್ಲ.

ನಿನ್ನ ಎದೆಗೇಡಿ ಮಗಳು,
ಪಾರಿ