ಎರಡು ಬೂದು ಬಣ್ಣ

ಬುಧವಾರ ಬೆಳಿಗ್ಗೆ,
ಹೊಲಿಗೆ ಮೇಜಿನಿಂದ

ನಮ್ಮ ಮನೆಯವರಿಗೆ (ಮನೆ ಬಿಟ್ಟು ನಾಲ್ಕು ತಿಂಗಳಾದವರನ್ನು ಬೇರೇನೆಂದು ಕರೆಯಬೇಕೋ ತಿಳಿಯಲಿಲ್ಲ),

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿಯೇ ಇರುತ್ತೀರಿ. ಹೊತ್ತುಹೊತ್ತಿಗೆ ಬಡಿಸಿ, ತಮ್ಮನ ಹೆಂಡತಿಯ ಸುದ್ದಿಗೆ ಉಪ್ಪುಖಾರ ಹಚ್ಚಲು ನಿಮ್ಮ ಅಕ್ಕ ಇದ್ದಾರೆ. ಅಲ್ಲಿಂದ ಲಿಫ್ಟ್ ರಿಪೇರಿಗೆ ಎರಡು ಬಸ್ ಬದಲಿಸಿ ಹೋಗುತ್ತೀರಂತೆ, ನಿಮ್ಮ ಸಂಘದ ಬಸ್ ಕಂಡಕ್ಟರ್ ಹೇಳಿದರು. ಮಂಡಿನೋವು ಹೇಗಿದೆ ಎಂದು ನಾನೇನೂ ಕೇಳುವುದಿಲ್ಲ.

ವಿಷಯ ಇಷ್ಟೆ. ನಾನು ಬೆರೆಸಿಹಾಕಿದ್ದ ನಿಮ್ಮ ಪ್ಲಾಸ್ಟಿಕ್ ಆಟದ ಇಟ್ಟಿಗೆಗಳನ್ನು ಮತ್ತೆ ವಿಂಗಡಿಸಿದ್ದೇನೆ. ಹಳೇ ಬೂದು ಒಂದು ಡಬ್ಬ, ಹೊಸ ಬೂದು ಇನ್ನೊಂದು ಡಬ್ಬ. ಕಿಟಕಿ ಪಕ್ಕ ಕೂತು ಹನ್ನೊಂದು ದಿನ ಮಾಡಿದೆ. ಯಾಕೆ ಮಾಡಿದೆ ಎಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ಐದು ವರ್ಷದ ಹಿಂದೆ ಆ ಕಂಪನಿ ಬಣ್ಣ ಬದಲಿಸಿದಾಗ ಎಷ್ಟು ನಕ್ಕಿದ್ದೆ! ಆ ಇಟ್ಟಿಗೆಗಳಲ್ಲೇ ಕಟ್ಟುತ್ತಿದ್ದ ನಿಮ್ಮ ಕಲ್ಲು ಸೇತುವೆಯ ಮಾದರಿಗೆ ಮೂರು ಕಮಾನು ಮುಗಿದಿದ್ದವು, ನಾಲ್ಕನೆಯದಕ್ಕೆ ತಂದ ಇಟ್ಟಿಗೆ ಹೊಂದಲಿಲ್ಲ. ಹಳೆಯದರಲ್ಲಿ ಒಂದು ಚೂರು ಹಳದಿ ಇದೆ, ಹೊಸದರಲ್ಲಿ ನೀಲಿ ಇದೆ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ನೀವು. ನಿಮ್ಮ ಇಟ್ಟಿಗೆ ಸಂಘದವರಂತೂ ಹಲ್ಲು ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಸಂತಾಪ ಸಭೆ ಸೇರಿ ಹಳೇ ಬೂದಿಗೆ ಒಂದು ನಿಮಿಷ ಎದ್ದು ನಿಂತರು. ‘ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ’ ಅಂತ ನಾನು ಆಡಿಕೊಂಡೆ. ನಿಜ ಹೇಳಬೇಕೆಂದರೆ ಆಗ ನನಗೂ ವ್ಯತ್ಯಾಸ ಕಂಡಿತ್ತು. ಮೂವತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದವಳಿಗೆ ಅಷ್ಟೂ ಕಾಣದಿರುತ್ತದೆಯೇ? ನಿಮ್ಮನ್ನು ರೇಗಿಸುವುದು ಮಜವಾಗಿತ್ತು, ಅದಕ್ಕೇ ಒಪ್ಪಲಿಲ್ಲ.

ನಿಮಗೂ ಅದು ಗೊತ್ತಿತ್ತು. ಇಲ್ಲದಿದ್ದರೆ ಸಿಕ್ಕಸಿಕ್ಕಲ್ಲಿ ಹಳೇ ಇಟ್ಟಿಗೆ ಹುಡುಕಿ ತಂದು ‘ನೀನು ನೋಡಿ ಹೂಂ ಅಂದ್ರೆ ಹೂಂ’ ಎಂದು ನನ್ನ ಮುಂದೆ ಯಾಕೆ ಸುರಿಯುತ್ತಿದ್ದಿರಿ?

ಆ ದಿನವೂ ಹಾಗೆಯೇ. ಹಳೇ ಸಾಮಾನಿನವನಿಂದ ತಂದ ಚೀಲವನ್ನು ನನ್ನ ಕೈಗಿಟ್ಟು, ‘ಸಂಜೆಯೊಳಗೆ ಬೇರೆ ಮಾಡಿಡು, ಕೊನೇ ಕಮಾನು ಇದ್ರಲ್ಲೇ ಮುಗಿಯುತ್ತೆ’ ಅಂದು ಕೆಲಸಕ್ಕೆ ಹೋದಿರಿ. ಸಂಜೆ ಬಂದಾಗ ಆ ಚೀಲದ್ದು, ಎರಡೂ ಡಬ್ಬದ್ದು, ಎಲ್ಲ ಒಂದೇ ಬಕೆಟ್ಟಿನ ಸೋಪು ನೀರಿನಲ್ಲಿ ಮುಳುಗಿದ್ದವು. ನಿಮ್ಮ ಹುಚ್ಚು ಸಾಕಾಗಿದೆ, ಬೇಕೆಂದೇ ಬೆರೆಸಿದೆ ಎಂದೆ. ನೀವು ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. ‘ಐದು ವರ್ಷದ್ದನ್ನ ಒಂದು ಬಕೆಟ್ ನೀರಲ್ಲಿ ತೊಳೆದುಬಿಟ್ಟೆಯಲ್ಲೇ’ ಅಂದಿರಿ, ಅಷ್ಟೆ. ಮಾರನೇ ದಿನ ಬ್ಯಾಗು ಹಿಡಿದು ಹೊರಟಿರಿ.

ಇರಲಿ. ವಿಂಗಡಿಸಿದ್ದು ಸರಿಯಿದೆಯೇ ಎಂದು ಭಾನುವಾರ ಡಬ್ಬಗಳನ್ನು ಸಂಘಕ್ಕೆ ಒಯ್ದೆ. ಅಲ್ಲಿಂದ ಶುರುವಾಯಿತು ನೋಡಿ ನನ್ನ ತಲೆನೋವು. ಕಟ್ಟುವ ಹಲ್ಲಿಗೆ ಬಣ್ಣ ಹೊಂದಿಸಲು ಡಾಕ್ಟರು ಇಟ್ಟುಕೊಂಡಿರುತ್ತಾರಲ್ಲ, ಮಾದರಿ ಹಲ್ಲುಗಳ ಸಾಲು, ಅದನ್ನು ಇಟ್ಟಿಗೆಯ ಪಕ್ಕ ಹಿಡಿದು ನೋಡಿದರು. ಹಳೇ ಬೂದಿನ ಡಬ್ಬದಿಂದ ಹತ್ತು ತೆಗೆದು, ಆರು ಹಳೆಯದು, ನಾಲ್ಕು ಹೊಸದು ಎಂದರು. ನಾನು ಸುಮ್ಮನಿರಲಿಲ್ಲ, ಆ ನಾಲ್ಕೂ ಹಳೆಯದೇ ಎಂದು ವಾದಿಸಿದೆ. ಕಂಡಕ್ಟರು ನನ್ನ ಪರ ನಿಂತು, ಕಂಪನಿ ಗುಟ್ಟಾಗಿ ಮೂರನೇ ಬೂದು ತಂದಿದೆ, ಇದು ಅದೇ ಎಂದರು. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಬಾರದೆಂದು ಇನ್ನೊಬ್ಬರು. ಸರಿ, ಎಲ್ಲರೂ ಡಬ್ಬ ಹೊತ್ತು ಬೀದಿಗೆ ಬಂದೆವು. ಕೆನ್ನೆ ಊದಿಸಿಕೊಂಡು ಕಾಯುತ್ತಿದ್ದ ರೋಗಿಯೊಬ್ಬರೂ ಹಿಂದೆಯೇ ಬಂದು, ಬಾಯಿ ತೆರೆಯಲಾಗದೆ ಬೆರಳಿನಲ್ಲೇ ತೀರ್ಪು ಕೊಟ್ಟರು. ಅವರ ಬೆರಳೂ ಡಾಕ್ಟರ ಕಡೆಗೇ ಹೋಯಿತು. ಎಲ್ಲರಿಗೂ ಬೇರೆ ಬೇರೆ ಕಾಣುವುದು ನನಗೊಬ್ಬಳಿಗೆ ಒಂದೇ ಹೇಗೆ ಕಂಡೀತು? ಕಂಡಕ್ಟರ ಮೂರನೇ ಬೂದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಡುವಾಗ ಡಾಕ್ಟರು ಬಾಗಿಲವರೆಗೆ ಬಂದು ಮೆಲ್ಲಗೆ, ‘ಅಕ್ಕಾ, ಒಂದ್ಸಲ ಬಲಗಣ್ಣು ಮುಚ್ಕೊಂಡು ನೋಡಿ, ಆಮೇಲೆ ಎಡಗಣ್ಣು ಮುಚ್ಕೊಂಡು ನೋಡಿ’ ಎಂದರು. ನೀವು ಹಲ್ಲು ನೋಡಿಕೊಳ್ಳಿ ಸಾಕು ಎಂದು ಹೇಳಿ ಬಂದೆ.

ಸೋಮವಾರ ಬೆಳಿಗ್ಗೆ ಇನ್ನೊಂದು. ಎದುರು ಬ್ಯಾಂಕಿನ ಮ್ಯಾನೇಜರಮ್ಮ ಕೋಟು ವಾಪಸ್ ತಂದರು. ಕಪ್ಪು ಕೋಟಿನ ಅಂಚಿಗೆ ಕಡುನೀಲಿ ದಾರ ಹಾಕಿದ್ದೇನಂತೆ. ದಾರದ ಕಂಪನಿಯವರೂ ಬಣ್ಣ ಬದಲಿಸಿರಬೇಕು ಎಂದೆ. ಅವರು ಕೋಟು ಬಿಟ್ಟು ಹೋದರು.

ಯಾರನ್ನು ನಂಬಲಿ ಹೇಳಿ. ಕಂಪನಿ ಬದಲಿಸಿತೋ, ಸಂಘದವರಿಗೆ ಭ್ರಮೆಯೋ ತಿಳಿಯುತ್ತಿಲ್ಲ. ಇದರ ಜೊತೆ ಎರಡು ಇಟ್ಟಿಗೆ ಇಟ್ಟಿದ್ದೇನೆ, ಒಂದು ಹಳೆಯದು, ಒಂದು ಹೊಸದು. ಬೆಳಕಿಗೆ ಹಿಡಿದು ನೋಡಿ ನಾಲ್ಕು ಸಾಲು ಬರೆಯಿರಿ. ಡಬ್ಬಗಳನ್ನು ಯಾವಾಗ ಬೇಕಾದರೂ ಒಯ್ಯಿರಿ. ಸೇತುವೆ ಕಪಾಟಿನ ಮೇಲೆ ಇದ್ದ ಹಾಗೇ ಇದೆ. ಧೂಳು ಒರೆಸುತ್ತಿದ್ದೇನೆ, ಅಷ್ಟೆ.

ಇಂತಿ,
ನೀವೇ ಹೆಸರಿಟ್ಟ
ಜಗಳಗಂಟಿ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಆ ದಿನ ನಾನು ಸಿಟ್ಟಿನಿಂದ ಬೆರೆಸಲಿಲ್ಲ. ನೀವು ಹೋದ ಮೇಲೆ ಮಧ್ಯಾಹ್ನದವರೆಗೂ ಆ ಚೀಲದ ಮುಂದೆ ಕೂತಿದ್ದೆ. ಎಲ್ಲವೂ ಒಂದೇ ಬಣ್ಣ, ಟೀ ಸೋಸಿದ ಬಟ್ಟೆಯ ಬಣ್ಣ. ಗೊತ್ತಿದ್ದದ್ದನ್ನಾದರೂ ನೋಡಿ ಹೋಲಿಸೋಣವೆಂದು ನಿಮ್ಮ ಎರಡು ಡಬ್ಬ ತೆರೆದೆ. ಅವೂ ಒಂದೇ ಕಂಡವು. ನೀವು ಬಂದು ಕೇಳಿದರೆ ಏನು ಹೇಳಲಿ? ಎಲ್ಲವನ್ನೂ ಬಕೆಟ್ಟಿಗೆ ಸುರಿದುಬಿಟ್ಟೆ. ಜಗಳಗಂಟಿ ಎಂದರೆ ಎನ್ನಲಿ, ಬಣ್ಣ ಕಾಣದ ದರ್ಜಿ ಎನ್ನಬಾರದು ಅನ್ನಿಸಿತು. ನೀವು ಬ್ಯಾಗು ಹಿಡಿದು ಹೊರಟಾಗಲೂ ಬಾಯಿ ಬಿಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಕಂಪನಿಯನ್ನೇ ಡೊಂಕು ಅಂದೆ.

ಸೋಮವಾರ ಮ್ಯಾನೇಜರಮ್ಮ ಹೋದ ಮೇಲೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಎರಡು ಕಣ್ಣಿಗೂ ಪೊರೆ ಬಂದಿದೆ, ಬಲಗಣ್ಣಿಗೆ ಹೆಚ್ಚು. ಮುಂದಿನ ವಾರ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್. ಮೊದಲಿನ ಹಾಗೇ ಕಾಣುತ್ತದಂತೆ. ಫಾರಂನಲ್ಲಿ ‘ಜೊತೆಗೆ ಬರುವವರು’ ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ನನಗೆ ಭಯವಾಗುತ್ತಿದೆ.

ಹನ್ನೊಂದು ದಿನ ವಿಂಗಡಿಸಿದ್ದೂ ಬರೀ ಅಂದಾಜಿನ ಮೇಲೆ. ಒಳಗಿಟ್ಟಿರುವ ಇಟ್ಟಿಗೆಗಳಲ್ಲಿ ಯಾವುದು ಹಳೆಯದೋ ಯಾವುದು ಹೊಸದೋ ನನಗೆ ಗೊತ್ತಿಲ್ಲ. ಎರಡೂ ಒಂದೇ ಇದ್ದರೂ ಇರಬಹುದು. ಬರೆದು ಕಳಿಸಬೇಡಿ, ಬಂದು ಹೇಳಿ.