ಶುಕ್ರವಾರದ ನುಚ್ಚು

ಮಾನ್ವಿ
12 ಏಪ್ರಿಲ್ 2025, ಶನಿವಾರ

ನನ್ನ ಕೂಸು ಸವಿತಾಗ,

ಯೇಸುಸ್ವಾಮಿ ನಿನ್ನ ತಲಿ ಮ್ಯಾಲ ಕೈ ಇಟ್ಟಿರಲಿ. ನಿನ್ನ ಕಾಗದ ಬಂದು ಇಪ್ಪತ್ತು ದಿನ ಆತು. ಇಷ್ಟು ತಡಾ ಮಾಡಿ ಬರಿಯಾಕತ್ತೀನಿ, ಸಿಟ್ಟಾಗಬ್ಯಾಡ. ತಪಸ್ಸು ಕಾಲ ಮುಗಿಯೂತನಕ ನಿಮ್ಮ ದೇವದುರ್ಗದ ಕಾನ್ವೆಂಟಿನಾಗ ಸಿಸ್ಟರ್ ಆಗಾಕ ಬಂದ ಹುಡುಗ್ಯಾರ ಕೈಯಾಗ ಫೋನ್ ಕೊಡೂದಿಲ್ಲ, ಇಲ್ಲಾಂದ್ರ ಎರಡು ನಿಮಿಷದಾಗ ಮಾತಾಡಿ ಮುಗಿಸಿಬಿಡ್ತಿದ್ದೆ. ಕಾಗದ ಅಂದ್ರ ಕುಂದ್ರಬೇಕು. ಕುಂತ್ರ ಏಳಾಕ ನನ್ನ ಮಣಕಾಲು ಒಪ್ಪೂದಿಲ್ಲ. ಖರೇ ಹೇಳಬೇಕಂದ್ರ, ನೀ ಕೇಳಿದ್ದಕ್ಕ ಏನು ಬರೀಬೇಕು ಅಂತ ತಿಳೀಲಿಲ್ಲ. ನಿನ್ನ ಕಾಗದ ಬೈಬಲ್ಲಿನಾಗ ಇಟ್ಟು ದಿನಾ ತಗದು ಓದಿ ಮತ್ತ ಅಲ್ಲೇ ಇಡಾಕತ್ತಿದ್ದೆ.

ನೀ ಕೇಳಿದ್ದರ ಏನು? "ಪಾಸ್ಕ ಹಬ್ಬಕ್ಕ ನಾ ಮನಿಗೆ ಬರ್ತೀನಿ. ಅಷ್ಟರಾಗ ಒಂದು ಶುಕ್ರವಾರ ಆದ್ರೂ ಯಮನಮ್ಮ ಚಿಗವ್ವನ ಜೋಡಿ ಕುಂತು ಉಣ್ಣು ಯವ್ವಾ. ಅಂಬರೇಶಣ್ಣನ್ನ ನಾ ಕ್ಷಮಿಸಿಬಿಟ್ಟೀನಿ, ನೀನೂ ಕ್ಷಮಿಸು." ಎಷ್ಟು ಸರಳ ಬರದಿ ಬೇ! ಒಂದು ಗೆರಿಯಾಗ ಬರದು ಅದರ ಕೆಳಗ ಒಂದು ಹೂವು ಬ್ಯಾರೆ ತಗದೀದಿ.

ಇವತ್ತು ಗರಿ ಭಾನುವಾರದ ಹಿಂದಿನ ದಿನ. ಎರಡು ವರ್ಷದ ಹಿಂದ ಇಂಥಾದ್ದೇ ಶನಿವಾರ ನಿಮ್ಮಪ್ಪ ಹೋದ. ಚೀಕಲಪರ್ವಿ ಹೊಳಿ ದಂಡಿಯಿಂದ ಈಚಲ ಗರಿ ಹೇರಿಕೊಂಡು ಬರೂವಾಗ ಯಮನಮ್ಮನ ಮಗ ಅಂಬರೇಶ ಜೋಂಪು ಹತ್ತಿ ಟಂಟಂ ಗಾಡಿ ಕಾಲುವಿಗೆ ಕೆಡವಿದ. ಅವ ಕೈ ಮುರಕೊಂಡು ಉಳದ, ನಿಮ್ಮಪ್ಪ ಉಳೀಲಿಲ್ಲ. ಕುಡದಿದ್ದ ಅಂದ್ರು ಕೆಲವರು. ಕುಡದಿರಲಿಲ್ಲ. ನಿದ್ದಿಗೆಟ್ಟು ಗಾಡಿ ಹೊಡದು ಉಪದೇಶಿ ಬೂದೆಪ್ಪನ ಜೀವಾ ತಗದ ಅಂತ ಓಣಿ ತುಂಬ ಮಾತಾತು. ಅವತ್ತಿನಿಂದ ನಾ ಯಮನಮ್ಮನ ಹೊಸ್ತಲ ತುಳದಿಲ್ಲ. ನೀ ಹುಟ್ಟಿದಾಗ ನನಗ ಜ್ವರ ಬಂದು ಎಂಟು ದಿನ ನಿನಗ ಎದಿಹಾಲು ಕೊಟ್ಟಾಕಿ ಅಕಿ. ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ. ಅಕಿ ರೊಟ್ಟಿ ಬಡಿಯೂ ಸಪ್ಪಳ ಇಲ್ಲಿಗೆ ಕೇಳಸ್ತದ.

ಈ ಸಲದ ತಪಸ್ಸು ಕಾಲ ಭಾಳ ಉದ್ದ ಅನಸಾಕತ್ತದ ಮಗಳ. ನಲವತ್ತು ದಿನ ಅವೇ ನಲವತ್ತು, ನನಗೇ ಸಾಕಾಗ್ಯದ. ಬೂದಿ ಬುಧವಾರದಿಂದ ಮನಿ ಮನಿಯಾಗ ಹಿಡಿ ಜ್ವಾಳ ಎತ್ತಿಡೂದು ಸುರು ಆತು. ನಿನ್ನ ಜೋಡಿ ಇರೂ ಹುಡುಗ್ಯಾರಿಗೆ ಇದು ಗೊತ್ತಿಲ್ಲ ಅಂತ ಬರದಿದ್ದಿ, ಹೇಳು ಅವರಿಗೆ: ದಿನಾ ಅಡಿಗಿಗೆ ಮೊದಲು ಒಂದು ಹಿಡಿ ಜ್ವಾಳ ಬ್ಯಾರೆ ಡಬ್ಬಿಗೆ ಹಾಕಬೇಕು. ಗುರುವಾರ ಎಲ್ಲಾ ಮನಿದೂ ಒಂದೇ ಚೀಲಕ್ಕ ಬೀಳಬೇಕು. ಶುಕ್ರವಾರ ದಿನಪೂರ್ತಿ ಉಪಾಸ ಇದ್ದು, ಸಂಜೀಕ ಶಿಲುಬಿ ಹಾದಿ ಮುಗಿಸಿ, ಆ ಜ್ವಾಳದ ನುಚ್ಚನ್ನೇ ಎಲ್ಲಾರೂ ಚರ್ಚಿನ ಅಂಗಳದಾಗ ಕೂಡಿ ಕುಂತು ಉಣ್ಣಬೇಕು. ಯಾರ ಮನಿ ಕಾಳು ಯಾರ ಹೊಟ್ಟಿಗೆ ಹೋತು ಅಂತ ಯಾರೂ ಕೇಳಬಾರದು.

ಗಿರಣಿ ಹುಸೇನಪೀರ ಮೊದಲಿನಂಗ ನಮ್ಮ ಜ್ವಾಳ ಸುಮ್ಮನ ಒಡದು ಕೊಡ್ತಾನ. ಈ ಸಲ ಅವನ ರೋಜಾನೂ ನಮ್ಮ ತಪಸ್ಸೂ ಕೂಡೇ ಬಂದಿದ್ವು. "ನಿಮಗ ನೀರು ನಡೀತದಲ್ಲ ಯವ್ವಾ, ನಿಮ್ಮದು ಆರಾಮ ಉಪಾಸ" ಅಂತ ನಗ್ತಿದ್ದ. "ನಿಂದು ದಿನಾ ಸಂಜಿಗೆ ಬಿಡ್ತದ ತಮ್ಮಾ, ನಂದು ಬಿಡೂದಿಲ್ಲ" ಅಂದೆ. ರಮಜಾನ್ ಹಬ್ಬದ ದಿನ ಒಂದು ಡಬ್ಬಿ ಸುರಕುಂಬಾ ಕಳಿಸಿದ್ದ. ತಪಸ್ಸಿನಾಗ ಸಿಹಿ ಒಲ್ಲೆ ಅಂತ ನಾ ಸರಿಸಿದ್ರ, ನನ್ನ ಜೋಡಿ ಒಲಿ ಮುಂದ ನಿಲ್ಲೂ ಭೀಮವ್ವ ಮುದುಕಿ ಇಡೀ ಡಬ್ಬಿ ಎತ್ತಿ ಕುಡದು, "ಎಂಬತ್ತು ದಾಟಿದವರಿಗೆ ದೇವರು ಲೆಕ್ಕಾ ಕೇಳೂದಿಲ್ಲ" ಅಂದ್ಲು. ಅವತ್ತು ಭಾಳ ದಿನಕ್ಕ ನಕ್ಕೆ.

ಈಗ ನಿನ್ನ ಮಾತಿಗೆ ಬರ್ತೀನಿ. ಆ ನುಚ್ಚು ನಾ ಹೋದ ವರ್ಷದಿಂದ ಉಣ್ಣೂದಿಲ್ಲ. ಕುದಸ್ತೀನಿ, ಬಡಸ್ತೀನಿ, ಕೊಪ್ಪರಿಗಿ ತಿಕ್ಕತೀನಿ, ಮನಿಗೆ ಬಂದು ಒಣಾ ರೊಟ್ಟಿ ಕಡದು ಮಲಗತೀನಿ. ಆ ಚೀಲದಾಗ ಯಮನಮ್ಮನ ಮನಿ ಕಾಳೂ ಅದಾವ. ಆರಿಸಿ ತಗಿಯಾಕ ಬರೂದಿಲ್ಲ, ಬಾಯಾಗ ಇಟ್ರ ಇಳಿಯೂದಿಲ್ಲ. ಇದು ನಿನಗ ಗೊತ್ತು, ಭೀಮವ್ವಗ ಗೊತ್ತು. ಉಳದವರು ಏನು ತಿಳಕೊಂಡಾರ ಅಂತ ನಾ ಲಕ್ಷ್ಯಾ ಕೊಟ್ಟಿರಲಿಲ್ಲ.

ಹೊಸಾ ಫಾದರ್ ಕಾರವಾರ ಕಡಿಯವರು. ಸಣ್ಣ ವಯಸ್ಸು, ಪಾಪ ಒಳ್ಳೇವರು, ಆದ್ರ ನಮ್ಮ ಓಣಿ ಹಕೀಕತ್ತು ಅವರಿಗೇನು ಗೊತ್ತು? ಎರಡು ಶುಕ್ರವಾರ ನಾ ಉಣ್ಣದೆ ಇದ್ದದ್ದು ನೋಡ್ಯಾರ. ಮೂರನೇ ಭಾನುವಾರ ಪೂಜಿಯಾಗ ಪ್ರಸಂಗ ಮಾಡ್ತಾ ಮಾಡ್ತಾ, "ಉಪವಾಸ ಅಂದರೆ ಏನು ಅಂತ ನಮ್ಮ ರೇಣುಕಮ್ಮನವರನ್ನು ನೋಡಿ ಕಲಿಯಿರಿ. ನೂರು ಜನಕ್ಕೆ ಬಡಿಸಿ ತಾವು ಒಂದು ತುತ್ತೂ ಮುಟ್ಟುವುದಿಲ್ಲ" ಅಂದುಬಿಟ್ರು. ಎಲ್ಲಾರೂ ತಿರುಗಿ ನನ್ನ ನೋಡಿದ್ರು. ಯಪ್ಪಾ, ನನ್ನ ಕಿವಿ ಕಾದ ಹಂಚಿನಂಗ ಆದ್ವು. ಎದ್ದು ನಿಂತು "ಅಲ್ಲ ಫಾದರ್" ಅನ್ನಬೇಕು ಅಂದ್ರ ಮುಂದ ಏನಂತ ಹೇಳಲಿ? ಎರಡು ಬೆಂಚು ಹಿಂದ ಯಮನಮ್ಮ ಕುಂತಿದ್ಲು.

ಅಲ್ಲಿಂದ ಕೆಟ್ಟಿತು. ನಾಕನೇ ಶುಕ್ರವಾರ ನಾಕು ಹೆಣಮಕ್ಕಳು ತಾಟು ಮುಟ್ಟಲಿಲ್ಲ. "ರೇಣುಕಕ್ಕನಂಗ ನಾವೂ ಪೂರಾ ಹಿಡೀತೀವಿ" ಅಂದ್ರು. ಐದನೇ ಶುಕ್ರವಾರ ಅರ್ಧಾ ಅಂಗಳ ಉಣ್ಣದೆ ಎದ್ದು ಹೋತು, ಗಂಡಸರೂ ಸೈತ. ಒಬ್ಬರ ಮುಖ ಒಬ್ಬರು ನೋಡ್ತಾರ, ಯಾರು ತಾಟು ಹಿಡೀತಾರ ಯಾರು ಬಿಡ್ತಾರ ಅಂತ. ಉಂಡವರು ಏನೋ ಕದ್ದು ತಿಂದವರಂಗ ತಲಿ ತಗ್ಗಿಸಿ ಉಂಡ್ರು. ಸಣ್ಣ ಕೂಸುಗಳು ಹಸದು ಅತ್ತರೂ ಒಬ್ಬಾಕಿ "ತಡಕೋ, ದೇವರು ನೋಡ್ತಾನ" ಅಂತ ಗದರಿಸಿದ್ಲು. ಕೊಪ್ಪರಿಗಿಯಾಗ ಅರ್ಧಾ ನುಚ್ಚು ಉಳದು ಎಮ್ಮಿಗಳಿಗೆ ಹಾಕಿದ್ವಿ. ನಿಮ್ಮ ಮುತ್ತ್ಯಾನ ಕಾಲದಿಂದ ಕೂಡಿ ಉಣ್ಣಾಕತ್ತಿದ್ದು, ಕೊರೋನಾದಾಗ ಬಿಟ್ರ ಒಂದು ವರ್ಷನೂ ತಪ್ಪಿರಲಿಲ್ಲ. ನಾ ಕೆಡಿಸಿದೆ. ಫಾದರ್ ಮಾತ್ರ ಭಾಳ ಖುಷಿ. "ನೋಡಿ ರೇಣುಕಮ್ಮ, ಎಂಥಾ ಬದಲಾವಣೆ ತಂದಿರಿ" ಅಂತಾರ. ಆ ಕೊಪ್ಪರಿಗಿ ಬೋರಲು ಹಾಕಿಕೊಂಡು ಅದರೊಳಗ ಕುಂದ್ರಬೇಕು ಅನಸ್ತು.

ಅವತ್ತು ಯಮನಮ್ಮ ತಾಟು ಹಿಡಕೊಂಡು ಒಬ್ಬಾಕಿನೇ ಮೂಲ್ಯಾಗ ಕುಂತಿದ್ಲು. ಉಣ್ಣದೆ ಹೊಂಟವರನ್ನ ನೋಡಿದ್ಲು, ನನ್ನ ನೋಡಿದ್ಲು. ಇದು ಉಪಾಸ ಅಲ್ಲ ಅಂತ ಅಕಿಗೆ ಅಲ್ಲೇ ತಿಳೀತು.

ಮೊನ್ನೆ ಗುರುವಾರ ಭೀಮವ್ವ ನಮ್ಮ ಸಾಲಿನ ಮನಿ ಎಲ್ಲಾ ತಿರುಗಿ ಚೀಲ ತಂದು ಇಳಿಸಿದ್ಲು. ಇಳಿಸಿ ಅಲ್ಲೇ ನಿಂತ್ಲು. "ಏನ್ ಬೇ ಮುದುಕಿ, ಯಾಕ ನಿಂತಿ?" ಅಂದೆ. "ಯಮನಿ ಈ ವಾರ ಜ್ವಾಳ ಹಾಕಿಲ್ಲ" ಅಂದ್ಲು. "ಡಬ್ಬಿ ತೊಳದು ಬೋರಲು ಹಾಕ್ಯಾಳ. 'ನನ್ನ ಕಾಳು ಇರೂತನಕ ಅಕ್ಕ ಉಣ್ಣೂದಿಲ್ಲ, ಅಕ್ಕ ಉಣ್ಣದಿದ್ರ ಯಾರೂ ಉಣ್ಣೂದಿಲ್ಲ. ನಂದು ಒಂದು ಹಿಡಿ ಇಲ್ಲಾಂದ್ರ ಏನಾತು? ಈ ವಾರ ಉಣ್ಣು ಅಂತ ಹೇಳು ಅಕ್ಕಗ' ಅಂದ್ಲು."

ನಿನ್ನೆ ಶುಕ್ರವಾರ. ಬಿಸಲು ಇಳಿದ್ರೂ ನೆಲ ಕಾಲು ಸುಡ್ತಿತ್ತು. ಶಿಲುಬಿ ಹಾದಿಯ ಹದಿನಾಕೂ ಸ್ಥಳಕ್ಕ ಮಣಕಾಲೂರಿ ಏಳೂದ್ರಾಗ ನನ್ನ ಜೀವಾ ಅರ್ಧಾ ಹೋತು. ಶಿಲುಬಿ ಹೊರೂದು ಮೊದಲು ಅಂಬರೇಶನ ಪಾಳಿ ಇತ್ತಲ್ಲ, ಈಗ ಬ್ಯಾರೆಯವರು ಹೊರ್ತಾರ. ಅವ ಚರ್ಚಿಗೆ ಬರೂದು ಬಿಟ್ಟಾನ. ಮಹಾಂತಯ್ಯನ ರೈಸ್ ಮಿಲ್ಲಿನಾಗ ಚೀಲ ಹೊರ್ತಾನ, ಗಾಡಿ ಮಾತ್ರ ಮುಟ್ಟೂದಿಲ್ಲ. ಕನ್ಯಾ ನೋಡಾಕ ಹೋದಲ್ಲೆಲ್ಲಾ ಆ ಸುದ್ದಿನೇ ಮುಂದ ಹೋಗಿ ನಿಂತಿರತದಂತ.

ಯಮನಮ್ಮ ಹದಿನಾಕು ಸ್ಥಳನೂ ತಿರುಗಿದ್ಲು, ಪದಾನೂ ಹೇಳಿದ್ಲು. ಊಟಕ್ಕ ಸಾಲು ಕುಂದ್ರೂವಾಗ ಮಾತ್ರ ನಳದ ಹಂತ್ಯಾಕ ಹೋಗಿ ಬರಿಗೈಲೆ ಕುಂತ್ಲು. ಯಾರೋ ಕರದ್ರ "ಹಾಕದಾಕಿ ಹ್ಯಾಂಗ ಉಣ್ಣಲಿ" ಅಂದ್ಲಂತ. ಭೀಮವ್ವ ತಾಟು ತುಂಬ ನುಚ್ಚು ಹಾಕಿ, ಮಜ್ಜಿಗಿ ಹೊಯ್ದು, ಉಳ್ಳಾಗಡ್ಡಿ ಇಟ್ಟು, ನನ್ನ ಕೈಯಾಗ ತುರುಕಿದ್ಲು. "ಉಣ್ಣು ಬೇ ಈಗ, ನಿನ್ನ ಹಟಾ ನಡೀತಲ್ಲ" ಅಂದ್ಲು. ಇಡೀ ಅಂಗಳ ನನ್ನ ಕೈ ನೋಡಾಕತ್ತಿತ್ತು. ನಾ ಒಂದು ತುತ್ತು ಬಾಯಾಗ ಇಟ್ಟ ಕೂಡಲೇ ಎಲ್ಲಾರೂ ಗಪಗಪ ಉಣ್ಣಾಕ ಹತ್ತಿದ್ರು, ಪಾಪ, ಹಸದಿದ್ರು. ನನಗ ಆ ತುತ್ತು ಇಳೀಲಿಲ್ಲ ಸವಿತಾ. ಅದರಾಗ ಯಮನಮ್ಮನ ಒಂದು ಕಾಳೂ ಇರಲಿಲ್ಲ, ಆದ್ರೂ ಇಳೀಲಿಲ್ಲ. ಎದ್ದು ಚರ್ಚಿನ ಹಿಂದ ಹೋಗಿ ಉಗುಳಿದೆ. ಗ್ವಾಡಿ ಹಿಡದು ನಿಂತು ಅತ್ತೆ.

ಹಿಂದ ಹೆಜ್ಜಿ ಸಪ್ಪಳಾತು. ಯಮನಮ್ಮ. ಒಂದು ಚೊಂಬು ನೀರು ಹಿಡಕೊಂಡು, "ಬಾಯಿ ತೊಳಕೋ ಅಕ್ಕಾ" ಅಂದ್ಲು. ತೊಳಕೊಂಡೆ. "ಸವಿತಾ ಹಬ್ಬಕ್ಕ ಬರ್ತಾಳಂತಲ್ಲ" ಅಂದ್ಲು. ಹೂಂ ಅಂದೆ. "ಸೊರಗ್ಯಾಳೇನೋ, ಅಲ್ಲಿ ಊಟ ಸರಿ ಹೋಗ್ತದೋ ಇಲ್ಲೋ" ಅಂದ್ಲು. ನಾ ಚೊಂಬು ತಿರುಗಿ ಕೊಟ್ಟು ಮನಿಗೆ ಬಂದೆ. ಎರಡು ವರ್ಷಕ್ಕ ಅಷ್ಟೇ ಮಾತು.

ಹಿಂಗಾಗಿ ನೀ ಕೇಳಿದ್ದು ಆಗಲಿಲ್ಲ ಮಗಳ. ಇನ್ನ ಶುಭ ಶುಕ್ರವಾರ ಒಂದು ಉಳದದ. ನನಗ ಭಾಳ ಬ್ಯಾಸರಾಗ್ಯದ, ಕೈಯಾಗ ಶಕ್ತಿ ಇಲ್ಲ, ಮನಸಿನಾಗೂ ಇಲ್ಲ.

ನೀ ಬರೂವಾಗ ಸಿರವಾರದಾಗ ಬಸ್ ಬದಲಿ ಮಾಡು, ಬಿಸಲಾಗ ನಿಂದ್ರಬ್ಯಾಡ, ತಲಿ ಮ್ಯಾಲ ಸೆರಗು ಇರಲಿ. ಮುಂದಿನ ತಿಂಗಳ ರಾಯಚೂರಿನಾಗ ನಿನ್ನ ವ್ರತದ ದಿನ ಉಡಾಕ ನನಗ ಒಂದು ಬಿಳಿ ಸೀರಿ ತಗದಿಟ್ಟೀನಿ, ನಿಮ್ಮಪ್ಪ ಕೊಡಿಸಿದ್ದು. ಮದರ್ ಅವರಿಗೆ ನಮಸ್ಕಾರ ತಿಳಿಸು. ಮರಿಯಮ್ಮ ತಾಯಿ ನಿನ್ನ ಕೈ ಬಿಡದಿರಲಿ, ನೀ ಹಿಡದ ಹಾದಿ ನಿನಗ ತಂಪಾಗಿರಲಿ.

ನಿನ್ನ ಹಡದವ್ವ,
ರೇಣುಕಮ್ಮ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತ ಬಿಚ್ಚೀನಿ. ಮ್ಯಾಲ ಬರದದ್ದರಾಗ ಸುಳ್ಳಿಲ್ಲ, ಆದ್ರ ಒಂದು ಮಾತು ಬಿಟ್ಟೀನಿ.

ಆ ಶನಿವಾರ ಅಂಬರೇಶ ಒಲ್ಲೆ ಅಂದಿದ್ದ. ಎರಡು ದಿನದಿಂದ ರಾಯಚೂರಿಗೆ ಮೆಣಸಿನಕಾಯಿ ಲೋಡು ಹೊಡದು ಆಗ ತಾನೇ ಬಂದು ಕಟ್ಟಿ ಮ್ಯಾಲ ಬಿದ್ದಿದ್ದ. "ದೊಡ್ಡವ್ವಾ, ಕಣ್ಣು ತಗಿಯಾಕ ಆಗವಲ್ದು, ಎರಡು ತಾಸು ಮಲಗಿ ಹೊಂಡ್ತೀನಿ" ಅಂದ. ನಿಮ್ಮಪ್ಪನೂ "ಮಲಗಲಿ ಬಿಡು, ಸಂಜೀಕ ತಂದ್ರಾತು" ಅಂದ. ನಾನೇ ಕೇಳಲಿಲ್ಲ. ಗರಿ ಬಂದ್ರ ಕಟ್ಟಾಕ ಹೊತ್ತು ಬೇಕು ಅಂತ, ಅವನ ರಟ್ಟಿ ಹಿಡದು ಎಬ್ಬಿಸಿ, "ದೇವರ ಕೆಲಸಕ್ಕ ನಿದ್ದಿ ನೆಪಾ ಹೇಳ್ತೀಯೇನಲೇ" ಅಂತ ಬೈದು ಕಳಿಸಿದೆ. ಯಮನಮ್ಮ ಅವತ್ತು ಹೊಲಕ್ಕ ಹೋಗಿದ್ಲು, ಅಕಿಗೆ ಗೊತ್ತಿಲ್ಲ. ಪೊಲೀಸರು ಕೇಳಿದ್ರ ಅವ "ನಾನಾಗೇ ಹೋದೆ" ಅಂದ. ಅವರವ್ವಗೂ ಇವತ್ತಿನತನಕ ಹೇಳಿಲ್ಲ. ಓಣಿ ಮಂದಿ ಅವಂಗ ಉಗುಳಿದ್ರು, ನಾ ಸುಮ್ಮನಿದ್ದೆ. ನೀ ನಿಮ್ಮಪ್ಪನ ಮಣ್ಣಿನ ದಿನ ಅಂಬರೇಶನ ಮುಖ ನೋಡದೆ ಹೋದಿ, ಆಗೂ ಸುಮ್ಮನಿದ್ದೆ. ಪಾಪನಿವೇದನೆಗೆ ಹೋಗಿ ಸಣ್ಣ ಸಣ್ಣ ಪಾಪ ಹೇಳಿ ಬಂದೆ.

ನೀ ಅಂಬರೇಶನ್ನ ಕ್ಷಮಿಸೀನಿ ಅಂತ ಬರದಿ. ಅವನ ಕಡೆ ಕ್ಷಮಿಸೂವಂಥಾದ್ದು ಏನೂ ಇಲ್ಲ ಮಗಳ.

ಈ ಕಾಗದ ಅಂಚಿ ಡಬ್ಬಿಗೆ ಹಾಕಿ ಸೀದಾ ಯಮನಮ್ಮನ ಮನಿಗೆ ಹೊಂಟೀನಿ. ನಿನಗ ಯಾಕ ಮೊದಲು ಬರದೆ ಅಂದ್ರ, ಅಕಿ ಬಾಗಲದಾಗ ನಾ ನಿಂತಾಗ ಬಾಯಿ ಕಟ್ಟಿದ್ರೂ ತಿರುಗಿ ಬರಾಕ ಹಾದಿ ಇರಬಾರದು ಅಂತ. ಹಬ್ಬಕ್ಕ ಬಂದಾಗ ನೀ ಮೊದಲು ಅವರ ಮನಿಗೆ ಹೋಗು. ಆಮ್ಯಾಲ ನನ್ನ ಕಡೆ ಬರೂದು ಬಿಡೂದು ನಿನಗ ಬಿಟ್ಟದ್ದು.