ನೀಲಿಗಟ್ಟಿದ ಬಿಳಿ ಗುಲಾಬಿ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ರಾತ್ರಿ

ಏನೂಂದ್ರೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಹಡಗಿನ ಅಡುಗೆಮನೆಯ ಸೆಕೆಯಿಂದ ಎದ್ದು ಬಂದವರು ಹಾಗೇ ಸಮುದ್ರದ ಗಾಳಿಗೆ ಎದೆಯೊಡ್ಡಿ ನಿಲ್ಲಬೇಡಿ ಎಂದು ಎಷ್ಟು ಸಲ ಬರೆದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಕಣ್ಣಿನ ಆಪರೇಷನ್ ಆದಾಗಿನಿಂದ ಈ ಮನೆಯಲ್ಲಿ ಧೂಳಿಗೆ ಉಳಿಗಾಲವಿಲ್ಲ. ಮೂಲೆಮೂಲೆ ಹುಡುಕಿ ತೋರಿಸುವವರು ಅವರು, ಒರೆಸುವವಳು ನಾನು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ. ಈ ಸಲ ದಣಿದಿದ್ದೇನೆ ಎಂದು ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ಪ್ರೆಸ್ಸಿಗೆ ಮ್ಯೂಸಿಯಂನಿಂದ ಒಂದು ಕೆಲಸ ಬಂದಿತ್ತು. ಅಲ್ಲಿ ತೂಗುಹಾಕಿರುವ ಹಳೆಯ ಹೂದಾನಿಯ ಚಿತ್ರವನ್ನು ಪೋಸ್ಟ್‌ಕಾರ್ಡ್ ಮಾಡಿಕೊಡಬೇಕು. ಕೆಂಪು, ಕಿತ್ತಳೆ ಹೂಗಳ ನಡುವೆ ಒಂದು ದೊಡ್ಡ ಬಿಳಿ ಗುಲಾಬಿ, ಅದರ ಎಸಳಿನ ಮೇಲೊಂದು ನೀರಹನಿ. ಮುಟ್ಟಿದರೆ ಬೆರಳು ಒದ್ದೆಯಾದೀತು ಎನ್ನುವಂತೆ ಬರೆದಿದ್ದಾನೆ ಪುಣ್ಯಾತ್ಮ. ಬಣ್ಣ ನೋಡಿ ಒಪ್ಪುವುದು ಎಂದಿನಂತೆ ನನ್ನ ಪಾಲಿಗೆ. ಅವರು ಕೊಟ್ಟ ಫೋಟೋದಲ್ಲಿ ಗುಲಾಬಿ ಹಳದಿ ಹೊಡೆಯುತ್ತಿದೆ ಅನ್ನಿಸಿತು. ಫೋಟೋ ತೆಗೆದವನ ಎಡವಟ್ಟು ಎಂದುಕೊಂಡು, ಹಳದಿ ಇಳಿಸಿ ನೀಲಿ ಒಂಚೂರು ಏರಿಸಲು ಮಶೀನ್ ನಡೆಸುವ ಅಣ್ಣನಿಗೆ ಹೇಳಿದೆ. ಅವನು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ನೀವು ಹೇಳಿದ ಮೇಲೆ ಸರೀನೇ ಇರುತ್ತೆ ಬಿಡಿ ಅಕ್ಕಾ" ಎಂದ. ಆ ರಾಗದಲ್ಲೇ ನನಗೆ ತಿಳಿಯಬೇಕಿತ್ತು.

ಮ್ಯೂಸಿಯಂ ಮೇಡಂ ಮಾದರಿ ಹಾಳೆಯನ್ನು ವಾಪಸು ಕಳಿಸಿದರು. ತಿದ್ದಿ ಕಳಿಸಿದೆ, ಅದೂ ವಾಪಸು ಬಂತು. ಕೊನೆಗೆ ಆಕೆಯೇ ಫೋನ್ ಮಾಡಿ, ಬಂದು ಮೂಲ ಚಿತ್ರ ನೋಡಿ ಎಂದರು. ನಾನು ಒಳಗೊಳಗೇ ಕುದಿಯುತ್ತ ಹೋದೆ. ಇಷ್ಟು ವರ್ಷ ಬಣ್ಣದಲ್ಲೇ ತಲೆ ನರೆತವಳಿಗೆ ಪಾಠ ಹೇಳುತ್ತಾರಲ್ಲ ಎಂಬ ಸಿಟ್ಟು. ಚಿತ್ರದ ಮುಂದೆ ನಿಂತರೆ ಗುಲಾಬಿ ಹೊಗೆ ಹಿಡಿದ ಗೋಡೆಯ ಹಾಗಿತ್ತು. "ಪಾಪ, ತುಂಬಾ ಹಳೇದು. ಇದನ್ನ ತೊಳೆಸೋಕ್ಕಾಗಲ್ವಾ?" ಎಂದು ಕೇಳಿಬಿಟ್ಟೆ. ಮೇಡಂ ನನ್ನ ಮುಖವನ್ನೇ ನೋಡಿದರು. "ಹೋದ ವರ್ಷವೇ ತೊಳೆಸಿದ್ದೀವಲ್ಲ. ಈಗ ಬೆಳ್ಳಗೇ ಇದೆಯಲ್ಲಮ್ಮಾ?" ಎಂದರು. ಪಕ್ಕದಲ್ಲಿದ್ದ ಯಾರೋ ತಾಯಿ ತನ್ನ ಮಗುವಿಗೆ, "ನೋಡು, ಹಾಲಿನ ಥರ ಇದೆ ಹೂವು" ಎಂದು ತೋರಿಸುತ್ತಿದ್ದಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಏಳಲು ಮನಸ್ಸೇ ಬರಲಿಲ್ಲ.

ಮನೆಗೆ ಬಂದು ತಿರಸ್ಕಾರವಾದ ಹಾಳೆಯನ್ನು ಅತ್ತೆಯ ಮುಂದೆ ಹಿಡಿದೆ. "ಅಯ್ಯೋ, ಇದಕ್ಕೇನೇ ಚಳಿ ಹಿಡಿದಿದೆ? ನೀಲಿಗಟ್ಟಿದೆಯಲ್ಲೇ!" ಎಂದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಹೋಗಿ, ಗಲ್ಲ ಹಿಡಿದು ಕಣ್ಣೊಳಗೆ ಇಣುಕಿದರು. ನಿಮ್ಮಮ್ಮ ನನ್ನ ಗಲ್ಲ ಹಿಡಿದದ್ದು ಅದೇ ಮೊದಲು. "ನಂಗೂ ಹಿಂಗೇ ಆಗಿತ್ತು ಕಣೇ. ಬಟ್ಟೆ ಹಳದಿಯಾಗಿದೆ, ಒಗೆಯೋಕೆ ಬರಲ್ಲ ಅಂತ ವರ್ಷಗಟ್ಟಲೆ ನಿನ್ನ ಬೈದೆ. ಪೊರೆ ತೆಗೆಸಿದ ಮೇಲೆ ನೋಡಿದ್ರೆ ಬಟ್ಟೆ ಬೆಳ್ಳಗೇ ಇತ್ತು. ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ" ಎಂದರು. ಬೇರೆ ದಿನವಾಗಿದ್ದರೆ ಈ ಮಾತಿಗೆ ಊರಿಗೆಲ್ಲ ಸಿಹಿ ಹಂಚುತ್ತಿದ್ದೆ. ಅವತ್ತು ನಗಲೂ ತ್ರಾಣವಿರಲಿಲ್ಲ.

ಕಣ್ಣಿನ ಡಾಕ್ಟರೂ ಅದನ್ನೇ ಹೇಳಿದರು, ಎರಡೂ ಕಣ್ಣಿಗೆ ಪೊರೆ. ಮಶೀನಿನ ಅಣ್ಣನಿಗೆ ಹೇಳಿದರೆ ಅವನು ದನಿ ತಗ್ಗಿಸಿ, "ಆಪರೇಷನ್ ಆಗೋ ತನಕ ನಾನೇ ನೋಡಿ ಹೇಳ್ತೀನಿ, ನೀವು ಸಹಿ ಹಾಕಿ, ಯಾರಿಗೂ ಗೊತ್ತಾಗಲ್ಲ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಒಂದು ಗಳಿಗೆ ಆಸೆಯೂ ಆಯಿತು. ಆದರೆ ಕಾಣದ್ದನ್ನು ಕಂಡೆ ಎಂದು ಬರೆಯಲು ಕೈ ಬರಲಿಲ್ಲ. ಪ್ರೆಸ್ಸಿನ ಯಜಮಾನರ ಬಳಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು, "ಕಣ್ಣು ಸರಿಹೋಗಲಿ, ಆಮೇಲೆ ನೋಡೋಣ. ಅಲ್ಲಿವರೆಗೆ ಪ್ಯಾಕಿಂಗ್ ಟೇಬಲ್ಲಿನಲ್ಲಿ ಕೂತ್ಕೊಳ್ಳಿ" ಎಂದರು. ಮೇಡಂ ತಾವೇ ಬಂದು ಮಶೀನಿನ ಪಕ್ಕ ನಿಂತು ಬಣ್ಣ ಒಪ್ಪಿದರು. ಈಗ ಆ ಕಾರ್ಡುಗಳನ್ನೇ ದಿನವಿಡೀ ಕಟ್ಟು ಕಟ್ಟುತ್ತಿದ್ದೇನೆ. ಎಲ್ಲರೂ ಚೆನ್ನಾಗಿ ಬಂದಿದೆ ಎನ್ನುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ. ಸಂಜೆಗೆ ಬೆನ್ನು ನೋಯುತ್ತದೆ. ಇಷ್ಟು ವರ್ಷ ನಿಂತೇ ಕೆಲಸ ಮಾಡಿದವಳಿಗೆ ಕೂತು ಕೂತೇ ಸುಸ್ತು.

ಬರುವ ಸೋಮವಾರದ ನಂತರದ ಸೋಮವಾರ ಬಲಗಣ್ಣಿನ ಆಪರೇಷನ್. ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತದೆ ಎಂದು ಅತ್ತೆ ಧೈರ್ಯ ಹೇಳುತ್ತಾರೆ, ಜೊತೆಗೆ ಅವರೇ ಬರುತ್ತಾರಂತೆ. ನೀವು ಕೆಲಸ ಬಿಟ್ಟು ಓಡಿ ಬರುವ ಅಗತ್ಯವಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಊರಿಗೆಲ್ಲ ಬಡಿಸಿ ತಾನು ಉಪವಾಸ ಮಲಗುವ ಬುದ್ಧಿ ನಿಮ್ಮದು.

ಅಮ್ಮನ ಆಶೀರ್ವಾದ, ಜೊತೆಗೆ ಕೆಮ್ಮಿನ ಬಗ್ಗೆ ಒಂದಿಷ್ಟು ಬೈಗುಳ.

ನಿಮ್ಮವಳು

ಮರೆತ ಮಾತು: ಅತ್ತೆಗೆ ಓದು ಬಾರದಲ್ಲ, ಮೇಲಿನದನ್ನೆಲ್ಲ ನಾನೇ ಓದಿ ಹೇಳಬೇಕಿತ್ತು, ಅದಕ್ಕೇ ಹಾಗೆ ಬರೆದೆ. ಅವರೀಗ ಮಲಗಿದ್ದಾರೆ. ಬಲಗಣ್ಣಿನ ನರವೂ ಸೋತಿದೆಯಂತೆ, ಪೊರೆ ತೆಗೆದರೂ ದೃಷ್ಟಿ ಬರುವ ಖಾತ್ರಿ ಕೊಡಲಾರೆ ಎಂದು ಡಾಕ್ಟರ್ ನನ್ನೊಬ್ಬಳಿಗೇ ಹೇಳಿದ್ದಾರೆ. ನನಗೆ ಭಯವಾಗುತ್ತಿದೆ ರೀ. ಹೇಗಾದರೂ ಮಾಡಿ ರಜೆ ಕೇಳಿ. ಕಣ್ಣಿನ ಕಟ್ಟು ಬಿಚ್ಚುವಾಗ ನೀವು ಎದುರಿಗಿರಬೇಕು. ಬನ್ನಿ.